ಎಡೆಯ ಪಕ್ಕದಲ್ಲಿ ಕುಳಿತು ಕಲಿತದ್ದು

ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ಮನೆಮನೆಗೆ ಹೋಗುವ ನರ್ಸ್ ನಾನು. ನಮ್ಮ ಕೆಲಸಕ್ಕೆ ಕಡತದಲ್ಲಿ ಉಪಶಾಮಕ ಆರೈಕೆ ಎಂಬ ಹೆಸರಿದೆ, ಅಂದರೆ ಗುಣವಾಗದ ಕಾಯಿಲೆಯವರ ನೋವು, ನರಳಾಟ ತಗ್ಗಿಸುವುದು. ಕ್ಯಾನ್ಸರ್ ಕೈಮೀರಿದವರು, ಲಕ್ವ ಹೊಡೆದು ಹಾಸಿಗೆ ಹಿಡಿದವರು ನಮ್ಮ ಪಟ್ಟಿಯಲ್ಲಿರುತ್ತಾರೆ. ಗಾಯ ತೊಳೆಯುತ್ತೇವೆ, ಮೂತ್ರದ ಕೊಳವೆ ಬದಲಿಸುತ್ತೇವೆ. ವೈದ್ಯರು ಬರೆದ ಮಾರ್ಫಿನ್ ಮಾತ್ರೆಯನ್ನು ನಾಲ್ಕು ಗಂಟೆಗೊಮ್ಮೆ ತಪ್ಪದೆ ಕೊಡಬೇಕು, ಜೊತೆಗೆ ಮಲಬದ್ಧತೆಯ ಔಷಧಿಯನ್ನೂ ಬಿಡಬಾರದು ಎಂದು ಮನೆಯವರಿಗೆ ಹೇಳಿಕೊಡುತ್ತೇವೆ. ಇದೆಲ್ಲ ತರಬೇತಿಯಲ್ಲಿ ಕಲಿತದ್ದು. ಸಾವಿನ ಬಗ್ಗೆ ಜನರೊಡನೆ ಮಾತನಾಡುವುದನ್ನೂ ಅಲ್ಲೇ ಕಲಿಸಿದ್ದರು. ಅದೊಂದನ್ನು ಮಾತ್ರ ಊರಿಗೆ ಬಂದು ಮೊದಲಿನಿಂದ ಕಲಿಯಬೇಕಾಯಿತು.

ಮೊದಲ ಸಭೆಗೆ 'ಸಾವು: ಮುಕ್ತ ಮಾತುಕತೆ' ಎಂದು ದಪ್ಪ ಅಕ್ಷರದ ಬ್ಯಾನರ್ ಮಾಡಿಸಿ ಸಮುದಾಯ ಭವನದ ಬಾಗಿಲಿಗೆ ಕಟ್ಟಿದ್ದೆ. ಐವತ್ತು ಕುರ್ಚಿ, ಒಂದು ಕ್ಯಾನ್ ಚಹಾ. ಬಂದವರು ಇಬ್ಬರು ಆಶಾ ಕಾರ್ಯಕರ್ತೆಯರು ಮತ್ತು ಬೀಗದ ಕೈ ಇಟ್ಟುಕೊಂಡಿದ್ದ ಮನುಷ್ಯ. ದಾರಿಯಲ್ಲಿ ಹೋಗುತ್ತಿದ್ದ ಅಜ್ಜಿಯೊಬ್ಬರು ಬ್ಯಾನರನ್ನು ಅವರಿಂದ ಓದಿಸಿ ಕೇಳಿಕೊಂಡು, "ಮದುವೆ ಮಾಡುವ ಜಾಗದಲ್ಲಿ ಇದನ್ನೇಕವ್ವ ಕಟ್ಟಿದ್ದೀಯ? ಬಿಡ್ತು ಅನ್ನು" ಎಂದರು. ನಾನು ಅನ್ನಲಿಲ್ಲ. ಈ ಜನಕ್ಕೆ ತಿಳಿವಳಿಕೆ ಸಾಲದು ಎಂದು ವರದಿಯಲ್ಲಿ ಬರೆದೆ. ಆ ಸಾಲು ನೆನಪಾದರೆ ಈಗ ನಾಚಿಕೆಯಾಗುತ್ತದೆ.

ತಿಳಿವಳಿಕೆ ಸಾಲದ್ದು ನನಗೆ. ಸಾವಾದ ಮನೆಯಲ್ಲಿ ಏನು ಮಾಡಬೇಕೆಂದು ಆ ಊರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಚಟ್ಟ ಕಟ್ಟುವವರು, ರಾತ್ರಿಯಿಡೀ ಭಜನೆಗೆ ಕೂರುವವರು, ಒಲೆ ಹಚ್ಚದ ಮನೆಗೆ ಅನ್ನ ಸಾರು ಹೊತ್ತು ತರುವವರು, ಹಾಲುತುಪ್ಪದಿಂದ ತಿಥಿಯವರೆಗೂ ಜೊತೆಗಿರುವವರು ಎಲ್ಲರೂ ಇದ್ದಾರೆ. ಬಾಯಿ ಕಟ್ಟುವುದು ಉಸಿರು ನಿಲ್ಲುವುದಕ್ಕೆ ಮುಂಚಿನ ತಿಂಗಳುಗಳಲ್ಲಿ. "ಅಪ್ಪನಿಗೆ ಹೇಳಬೇಡಿ ಸಿಸ್ಟರ್" ಎಂದು ಮಗ ಬಾಗಿಲಲ್ಲೇ ತಡೆಯುತ್ತಾನೆ. ಒಳಗೆ ಹೋದರೆ ಅಪ್ಪ ದನಿ ತಗ್ಗಿಸಿ, "ನನಗೆ ಗೊತ್ತು, ಹುಡುಗನಿಗೆ ಹೇಳಬೇಡಿ" ಎನ್ನುತ್ತಾರೆ. ಒಂದು ಮನೆಯವರಂತೂ ನಮ್ಮ ವ್ಯಾನನ್ನು ಶಾಲೆಯ ಹತ್ತಿರ ನಿಲ್ಲಿಸಿ ನಡೆದು ಬನ್ನಿ ಎಂದಿದ್ದರು. ಮನೆ ಮುಂದೆ ನಿಂತರೆ ಊರಿಗೆಲ್ಲ ಗೊತ್ತಾಗುತ್ತದಲ್ಲ!

ಹೀಗಿರುವಾಗ ಒಂದು ಪಿತೃಪಕ್ಷದಲ್ಲಿ ಡ್ರೆಸ್ಸಿಂಗ್ ಮಾಡಲು ಹೋದ ಮನೆಯಲ್ಲಿ ಹಿರಿಯರಿಗೆ ಎಡೆ ಇಡುತ್ತಿದ್ದರು. ಬಾಳೆ ಎಲೆಯ ಮೇಲೆ ವಡೆ, ಕಜ್ಜಾಯ, ಪಕ್ಕದಲ್ಲಿ ಹೊಸ ಪಂಚೆ, ಒಂದು ಕಟ್ಟು ಬೀಡಿ. ಕೊನೆಗೆ ಮನೆಯ ಹಿರಿಯಾಕೆ ಸ್ಟೀಲ್ ಲೋಟದಲ್ಲಿ ಹೊಗೆಯಾಡುವ ಕಾಫಿ ತಂದಿಟ್ಟರು. ಯಾರಿಗೆ ಎಂದು ಕೇಳಿದೆ. "ನಮ್ಮ ಯಜಮಾನರಿಗೆ. ಆಸ್ಪತ್ರೆಯಲ್ಲಿ ಕೊನೆಯ ಮೂರು ದಿನ ಕಾಫಿ ಕಾಫಿ ಎಂದರು. ಆಸ್ಪತ್ರೆಯವರು ಕೊಡಬಾರದು ಎಂದರು, ಕೊಡಲಿಲ್ಲ. ಆಮೇಲೆ ಬಾಯಿಗೆ ಕೊಳವೆ ಹಾಕಿದರು. ಈಗ ವರ್ಷ ವರ್ಷ ಇಡುತ್ತೇನೆ, ತಣ್ಣಗಾಗುತ್ತದೆ." ಸ್ವಲ್ಪ ಹೊತ್ತು ಸುಮ್ಮನಿದ್ದು, ಮಗನ ಕಡೆ ತಿರುಗಿ, "ನನಗೆ ಹಾಗೆ ಮಾಡಬೇಡ ಕಣಪ್ಪ. ಇಲ್ಲೇ, ಈ ನಡುಮನೆಯಲ್ಲೇ ಇರುತ್ತೇನೆ" ಎಂದರು. ಮಗ 'ಬಿಡ್ತು ಅನ್ನು' ಎನ್ನಲಿಲ್ಲ. ಎಡೆಯ ಮುಂದೆ ಆ ಮಾತಿಗೆ ದೋಷವಿಲ್ಲ ಎಂದು ನನಗೆ ಹೊಳೆದದ್ದು ಆಗ.

ಅಂದಿನಿಂದ ಬ್ಯಾನರ್ ಕಟ್ಟುವುದನ್ನು ಬಿಟ್ಟೆ. ನಿಮಗೆ ಏನಾದರೂ ಆದರೆ ಎಂದು ಯಾರನ್ನೂ ಕೇಳುವುದಿಲ್ಲ. "ನಿಮ್ಮ ಅವ್ವ ಹೋಗುವಾಗ ಹೇಗಿತ್ತು?" ಎಂದು ಕೇಳುತ್ತೇನೆ. ಹೋದವರ ಕಥೆ ಹೇಳುತ್ತಾ ಹೇಳುತ್ತಾ ಜನ ತಮ್ಮ ಕಥೆಗೆ ತಾವೇ ಬರುತ್ತಾರೆ. ಸ್ತ್ರೀಶಕ್ತಿ ಸಂಘದ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಅರ್ಧ ಗಂಟೆ ನನಗೆ ಬಿಟ್ಟುಕೊಡುತ್ತಾರೆ. ಮಾರ್ಫಿನ್ ಕೊಟ್ಟರೆ ಚಟ ಹತ್ತುತ್ತದೆಯೇ, ಬೇಗ ಪ್ರಾಣ ಹೋಗುತ್ತದೆಯೇ ಎಂಬುದೇ ಅಲ್ಲಿ ಮೊದಲ ಪ್ರಶ್ನೆ. ನೋವಿಗೆ ತಕ್ಕ ಪ್ರಮಾಣದಲ್ಲಿ, ವೈದ್ಯರು ಹೇಳಿದಂತೆ ಕೊಟ್ಟರೆ ಆ ಭಯ ಬೇಡ ಎನ್ನುತ್ತೇನೆ. ಕೊನೆಯ ಗಳಿಗೆಯಲ್ಲಿ ನುಂಗಲಾರದವರ ಬಾಯಿಗೆ ಎಲ್ಲರೂ ಸರದಿಯಲ್ಲಿ ಚಮಚದಿಂದ ನೀರು ಬಿಡುವುದರ ಬಗ್ಗೆ ಮಾತ್ರ ಎಚ್ಚರದಿಂದ ಹೇಳಬೇಕು. ಅದು ಬರೀ ನೀರಲ್ಲ, ಋಣ. ಬೇಡ ಎನ್ನುವುದಿಲ್ಲ, ಹತ್ತಿಯನ್ನು ಒದ್ದೆ ಮಾಡಿ ತುಟಿಗೆ ಒತ್ತಿ, ಗಂಟಲಿಗೆ ಇಳಿಸಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ ಎನ್ನುತ್ತೇನೆ. ಗಂಟಲಲ್ಲಿ ಗೊರಗೊರ ಸದ್ದಾದಾಗ ಗಾಬರಿಯಾಗಿ ಆಂಬುಲೆನ್ಸ್‌ಗೆ ಓಡುವ ಬದಲು ಮಗ್ಗುಲಿಗೆ ಮಲಗಿಸಿ ನಮಗೆ ಫೋನ್ ಮಾಡಿ ಎಂದೂ ಹೇಳುತ್ತೇನೆ.

ಕಾನೂನಿನ ಕಾಗದದ ಮಾತು ಬರುವುದು ಇದೆಲ್ಲ ಆದ ಮೇಲೆ. ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿದ ಮುಂಗಡ ವೈದ್ಯಕೀಯ ನಿರ್ದೇಶನಕ್ಕೆ ಆಗ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. 2023ರಲ್ಲಿ ಅದನ್ನು ಸರಳಗೊಳಿಸಿದರು: ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಗುಣವಾಗುವ ಆಸೆಯೇ ಇಲ್ಲದಿರುವಾಗ ವೆಂಟಿಲೇಟರ್‌ನಂತಹ ಚಿಕಿತ್ಸೆ ಬೇಡ ಎಂದು ಅದರಲ್ಲಿ ಬರೆದಿಡಬಹುದು. 2025ರ ಜನವರಿಯಲ್ಲಿ ನಮ್ಮ ರಾಜ್ಯ ಸರ್ಕಾರವೂ ಸುತ್ತೋಲೆ ಹೊರಡಿಸಿತು. ಸಂಘದಲ್ಲಿ ಇದುವರೆಗೆ ಆ ಕಾಗದ ಮಾಡಿಸಿದವರು ಯಾರೂ ಇಲ್ಲ. ಆದರೆ ಮಗನಿಗೆ ಬಾಯಲ್ಲಿ ಹೇಳಿಟ್ಟವರು ಹಲವರು, ನನಗೆ ಅದೇ ದೊಡ್ಡದು.

ಎಲ್ಲ ಕಡೆಯೂ ಹೀಗೆ ಸಲೀಸಾಗಿ ನಡೆಯುವುದಿಲ್ಲ. ಒಂದು ಮನೆಯಲ್ಲಿ ಹೋದವರ ಸುದ್ದಿ ತೆಗೆದದ್ದಕ್ಕೇ ದೊಡ್ಡ ಮಗ ಸಿಟ್ಟಾಗಿ, ನಾಳೆಯಿಂದ ಬರಬೇಡಿ ಎಂದರು. ಆ ತಾಯಿಯ ಬೆನ್ನಿನ ಹುಣ್ಣಿಗೆ ಆಮೇಲೆ ಯಾರು ಡ್ರೆಸ್ಸಿಂಗ್ ಮಾಡಿದರೋ.

ತಿಥಿ ಕಳೆದ ಮೇಲೆ ಮತ್ತೊಮ್ಮೆ ಹೋಗುತ್ತೇನೆ. ಉಳಿದ ಮಾರ್ಫಿನ್ ಮಾತ್ರೆಯನ್ನೂ ಗಾಳಿ ಹಾಸಿಗೆಯನ್ನೂ ವಾಪಸ್ ತರಬೇಕು. ಮಾತ್ರೆ ಎಣಿಸುವುದು ನೆಪ ಎಂದು ಅವರಿಗೂ ಗೊತ್ತು. ನೆಂಟರೆಲ್ಲ ಹೊರಟುಹೋಗಿರುತ್ತಾರೆ. ಗಾಳಿ ತೆಗೆದ ಹಾಸಿಗೆಯನ್ನು ಇಬ್ಬರೂ ಎರಡು ಕಡೆ ಹಿಡಿದು ಮಡಿಚುವಾಗ ಮಾತು ತಾನಾಗಿ ಹೊರಡುತ್ತದೆ.

ನನ್ನ ಅವ್ವನಿಗೆ ಈಗ ಎಪ್ಪತ್ತೆರಡು. ಅವರನ್ನು ಇನ್ನೂ ಏನೂ ಕೇಳಿಲ್ಲ. ಈ ಸಲ ಮಹಾಲಯ ಅಮಾವಾಸ್ಯೆಗೆ ರಜೆ ಹಾಕಿದ್ದೇನೆ.