ಔಡೆನಾರ್ಡೆಯಿಂದ ರೂಬೆಗೆ, ಆರು ದಿನ

ಕೊಪ್ಪೆನ್‌ಬೆರ್ಗ್ ಏರಿನಲ್ಲಿ ನನ್ನ ಮುಂದಿದ್ದವಳ ಹಿಂಬದಿ ಚಕ್ರ ಒಂದೇ ಒಂದು ಸಲ ಜಾರಿತು. ಅವಳು ಕಾಲು ಕೆಳಗಿಟ್ಟಳು, ಅವಳ ಬೆನ್ನಿಗಿದ್ದವಳೂ ಇಟ್ಟಳು, ನಾನೂ ಇಟ್ಟೆ. ಏರಿನ ಉದ್ದ 600 ಮೀಟರ್ ಮಾತ್ರ. ಆದರೆ ತೀರಾ ಕಡಿದಾದ ಕಡೆ ಅದರ ಏರಿಕೆ ಶೇಕಡಾ 22. ಮಳೆಯಲ್ಲಿ ನೆಂದ ಕಲ್ಲುಗಳ ಮೇಲೆ ಒಮ್ಮೆ ನಿಂತರೆ ಮತ್ತೆ ಸೀಟಿನ ಮೇಲೆ ಕುಳಿತು ಪೆಡಲ್ ತುಳಿಯುವ ಮಾತೇ ಇಲ್ಲ. ಸೈಕಲ್ಲನ್ನು ತಳ್ಳುತ್ತಾ ಓಡಿದೆವು. ಪೆಡಲ್‌ಗೆ ಕಚ್ಚಿಕೊಳ್ಳಲೆಂದು ನಮ್ಮ ಶೂಗಳ ಅಡಿಯಲ್ಲಿರುವ ಗಟ್ಟಿ ಪ್ಲಾಸ್ಟಿಕ್ ತುಂಡು ಕಲ್ಲಿನ ಮೇಲೆ ನಿಲ್ಲುವುದೇ ಇಲ್ಲ. ಹಾಗಾಗಿ ರಸ್ತೆಯ ಅಂಚಿನ ಕೆಸರನ್ನು ಹುಡುಕಿ ಅದರಲ್ಲೇ ಹೆಜ್ಜೆ ಊರಿದೆ. ಎರಡೂ ಬದಿಯಲ್ಲಿ ಜನ ಕಿವಿಯ ಹತ್ತಿರವೇ ಕೂಗುತ್ತಿದ್ದರು. ಅಷ್ಟು ಹೊತ್ತಿಗೆ ನನ್ನ ಆ ದಿನದ ಕೆಲಸ ಮುಗಿದಿತ್ತು.

ಅದು 2024ರ ಮಾರ್ಚ್ 31, ಈಸ್ಟರ್ ಭಾನುವಾರ, ಬೆಲ್ಜಿಯಂನ ಫ್ಲ್ಯಾಂಡರ್ಸ್‌ನಲ್ಲಿ ಮಹಿಳೆಯರ ಸೈಕಲ್ ರೇಸ್. ಔಡೆನಾರ್ಡೆಯಲ್ಲಿ ಹೊರಟು ಔಡೆನಾರ್ಡೆಗೇ ಮರಳುವ 163 ಕಿಲೋಮೀಟರ್ ದಾರಿ. ನನ್ನ ಕೆಲಸವೆಂದರೆ ನಮ್ಮ ತಂಡದ ನಾಯಕಿಯನ್ನು ಕೊಪ್ಪೆನ್‌ಬೆರ್ಗ್ ಬುಡದವರೆಗೆ ಮೊದಲ ಇಪ್ಪತ್ತು ಜನರೊಳಗೆ ತಂದು ಬಿಡುವುದು. ರಸ್ತೆ ಅಲ್ಲಿ ಕಿರಿದಾಗುತ್ತದೆ. ಹಿಂದೆ ಉಳಿದವರಿಗೆ ಕಾಲಿನಲ್ಲಿ ಎಷ್ಟು ಶಕ್ತಿಯಿದ್ದರೂ ಪ್ರಯೋಜನವಿಲ್ಲ, ಮುಂದಿನವರು ನಿಂತರೆ ತಾವೂ ನಿಲ್ಲಬೇಕು. ಆದ್ದರಿಂದ ಏರಿಗಿಂತ ಅದರ ಹಿಂದಿನ ಐದು ಕಿಲೋಮೀಟರ್‌ಗಳೇ ನಿಜವಾದ ರೇಸ್. ಗಾಳಿಗೆ ಎದೆಯೊಡ್ಡಿ, ಮೊಣಕೈಗೆ ಮೊಣಕೈ ತಾಗಿಸಿಕೊಂಡು, ಬ್ರೇಕ್ ಮುಟ್ಟದೆ ಒಂದೊಂದೇ ಸ್ಥಾನ ಗಳಿಸುತ್ತಾ ಹೋಗಬೇಕು. ನನ್ನ ಬೆನ್ನ ಹಿಂದೆ ಅವಳು ಗಾಳಿ ತಾಗದಂತೆ ಕುಳಿತಿದ್ದಳು. ನಾನು ಪಕ್ಕಕ್ಕೆ ಸರಿದಾಗ ಅವಳು ನನ್ನ ಬೆನ್ನು ಮುಟ್ಟಿ ಮುಂದೆ ಹೋದಳು. ಸಹಾಯಕ ಸವಾರಳಿಗೆ ಸಿಗುವ ಬಹುಮಾನ ಆ ಸ್ಪರ್ಶ. ನನಗೆ ಅದು ನಿಜಕ್ಕೂ ದೊಡ್ಡದು.

ಇಟಲಿಯ ಎಲಿಸಾ ಲೊಂಗೊ ಬೊರ್ಗಿನಿ ಗೆದ್ದ ಸುದ್ದಿ ನಮಗೆ ವ್ಯಾನಿನೊಳಗೆ, ಹೀಟರ್ ಎದುರು ಕೈ ಹಿಡಿದು ಕುಳಿತಿದ್ದಾಗ ತಿಳಿಯಿತು. ದೊಡ್ಡ ತಂಡಗಳಿಗೆ ಸ್ನಾನದ ವ್ಯವಸ್ಥೆಯುಳ್ಳ ಬಸ್ಸುಗಳಿವೆ. ನಮ್ಮದು ಸಣ್ಣ ತಂಡ. ಒಂದು ಕ್ಯಾಂಪರ್ ವ್ಯಾನ್, ಎರಡು ಕಾರು, ಒಬ್ಬ ಮೆಕ್ಯಾನಿಕ್, ಮಾಲೀಷಿನಿಂದ ಹಿಡಿದು ಬಾಟಲಿ ತುಂಬುವವರೆಗೆ ಎಲ್ಲವನ್ನೂ ನೋಡಿಕೊಳ್ಳುವ ಒಬ್ಬ ಸ್ವಾನ್ಯರ್. ವರ್ಲ್ಡ್ ಟೂರ್ ಎಂಬ ಅತಿ ಮೇಲಿನ ಮಟ್ಟದ ಮಹಿಳಾ ತಂಡಗಳಿಗೆ ಕನಿಷ್ಠ ವೇತನ ಬಂದದ್ದೇ 2020ರಲ್ಲಿ, ಅದೂ ವರ್ಷಕ್ಕೆ 15,000 ಯೂರೋ. ಆಮೇಲೆ ಆ ಮೊತ್ತ ವರ್ಷದಿಂದ ವರ್ಷಕ್ಕೆ ಏರಿದೆ. ಅದಕ್ಕಿಂತ ಕೆಳಗಿನ ಮಟ್ಟದ ನಮ್ಮಂಥ ತಂಡಗಳಿಗೆ ಆ ನಿಯಮ ಅನ್ವಯಿಸುತ್ತಿರಲಿಲ್ಲ. ಒಂದೇ ರಸ್ತೆ, ಒಂದೇ ಮಳೆ, ಒಂದೇ ಕಲ್ಲು, ಆದರೆ ಕೆಲವರು ಸಂಬಳಕ್ಕೆ ಓಡಿಸುತ್ತಾರೆ, ಉಳಿದವರು ಮುಂದಿನ ವರ್ಷವಾದರೂ ಸಂಬಳ ಸಿಗಲಿ ಎಂದು ಓಡಿಸುತ್ತಾರೆ. ಇದು ನ್ಯಾಯವಲ್ಲ ಎಂದು ನಾನು ಯಾರ ಎದುರಿಗೂ ಹೇಳುತ್ತೇನೆ.

ಸೋಮವಾರ ಬಟ್ಟೆ ಒಗೆಯುವ ದಿನ. ಹೆದ್ದಾರಿಯ ಪಕ್ಕದ ಹೋಟೆಲಿನ ಸಿಂಕಿನಲ್ಲಿ ಕೈಗವಸು ಹಿಂಡಿದರೆ ಬೂದು ಬಣ್ಣದ ನೀರು ನಿಲ್ಲದೆ ಬರುತ್ತಿತ್ತು. ಒಂದು ಗಂಟೆ ಕಾಲಿಗೆ ಭಾರವಾಗದಂತೆ ಸೈಕಲ್ ಓಡಿಸಿ ಬಂದೆವು. ಆಮೇಲೆ ಅನ್ನ, ಮತ್ತೆ ಅನ್ನ. ರೇಸಿನ ಹೊತ್ತಿನಲ್ಲಿ ಗಂಟೆಗೆ 90 ಗ್ರಾಂನಷ್ಟು ಕಾರ್ಬೊಹೈಡ್ರೇಟ್ ಒಳಗಿಳಿಯಬೇಕು, ಹಸಿವಿದ್ದರೂ ಇಲ್ಲದಿದ್ದರೂ. ತೆಳ್ಳಗಿರುವುದೇ ವೇಗ ಎಂದು ನಂಬಿಸಿದ ಕಾಲವೊಂದಿತ್ತು. ಅದನ್ನು ನಂಬಿ ತಿಂಗಳುಗಟ್ಟಲೆ ಮುಟ್ಟು ನಿಂತವರನ್ನು, ಮೂಳೆ ಸವೆಸಿಕೊಂಡವರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಈಗ ತಟ್ಟೆ ತುಂಬ ಬಡಿಸಿಕೊಳ್ಳುವ ಕಿರಿಯ ಸವಾರಳನ್ನು ಕಂಡರೆ ಮನಸ್ಸು ಹಗುರವಾಗುತ್ತದೆ.

ಮಂಗಳವಾರ ವಿಶೇಷವೇನಿಲ್ಲ, ಮಳೆ.

ಬುಧವಾರ ಬೆಳಿಗ್ಗೆ ಆರಕ್ಕೆ ಬಾಗಿಲು ಬಡಿದರು. ಉದ್ದೀಪನ ಮದ್ದಿನ ತಪಾಸಣೆಯವರು. ನನ್ನ ಕೋಣೆಯ ಜೊತೆಗಾತಿ ಪ್ರತಿದಿನ ಯಾವ ಒಂದು ಗಂಟೆ ಎಲ್ಲಿ ಸಿಗುತ್ತೇನೆಂದು ಮೊದಲೇ ತಿಳಿಸಿಟ್ಟಿರಬೇಕು. ಹನ್ನೆರಡು ತಿಂಗಳಲ್ಲಿ ಮೂರು ಸಲ ತಪ್ಪಿದರೆ ನಿಷೇಧದವರೆಗೂ ಹೋಗುತ್ತದೆ. ಮಾದರಿ ಕೊಡುವವರೆಗೆ ಅವಳು ಅವರ ಕಣ್ಣಳತೆಯಲ್ಲೇ ಇರಬೇಕು. ಆಗಷ್ಟೇ ಎದ್ದು ಶೌಚಾಲಯಕ್ಕೆ ಹೋಗಿ ಬಂದಿದ್ದಳು. ಬಾಟಲಿ ನೀರು ಕುಡಿಯುತ್ತಾ ಮಂಚದ ಮೇಲೆ ಮುಕ್ಕಾಲು ಗಂಟೆ ಕುಳಿತಳು, ತಪಾಸಣೆಯ ಮಹಿಳೆ ಕುರ್ಚಿಯ ಮೇಲೆ. ನಾನು ಗೋಡೆಗೆ ಮುಖ ಮಾಡಿ ಮಲಗಿದರೂ ನಿದ್ದೆ ಹತ್ತಲಿಲ್ಲ. ಕಿರಿಕಿರಿಯಾಗುತ್ತದೆ, ಆದರೂ ಬೇಡ ಎನ್ನಲಾರೆ. ಪಕ್ಕದಲ್ಲಿ ಓಡಿಸುವವಳನ್ನು ನಂಬಲು ಇದಕ್ಕಿಂತ ಬೇರೆ ದಾರಿಯಿಲ್ಲ.

ಗಡಿ ದಾಟಿ ಫ್ರಾನ್ಸ್‌ಗೆ ಹೋಗಿ ಗುರುವಾರ, ಶನಿವಾರದ ಪ್ಯಾರಿಸ್-ರೂಬೆ ರೇಸ್ ಹಾದುಹೋಗುವ ಕಲ್ಲುಹಾದಿಗಳನ್ನು ನೋಡಿ ಬಂದೆವು. ಫ್ಲ್ಯಾಂಡರ್ಸಿನ ಕಲ್ಲುಗಳೊಂದಿಗೆ ಇವನ್ನು ಹೋಲಿಸುವುದೇ ತಪ್ಪು. ಅಲ್ಲಿ ಊರವರು ನಡೆದಾಡುವ ರಸ್ತೆಯ ಕಲ್ಲುಗಳು. ಇಲ್ಲಿ ಹೊಲಗಳ ನಡುವೆ, ಟ್ರ್ಯಾಕ್ಟರ್ ತುಳಿದು ತುಳಿದು ನಡು ಉಬ್ಬಿ, ಅಂಚು ಕುಸಿದು, ಒಂದೊಂದು ಕಲ್ಲೂ ಒಂದೊಂದು ದಿಕ್ಕಿಗೆ ತಿರುಗಿ ನಿಂತಿರುತ್ತದೆ. ಮೆಕ್ಯಾನಿಕ್ 32 ಮಿಲಿಮೀಟರ್ ಅಗಲದ ಟಯರ್ ಹಾಕಿ, ಗಾಳಿ ಇಳಿಸಿ, ಹ್ಯಾಂಡಲ್‌ಗೆ ಪಟ್ಟಿಯನ್ನು ಎರಡು ಸುತ್ತು ಸುತ್ತಿದ. ಅಲ್ಲಿ ಹ್ಯಾಂಡಲನ್ನು ಬಿಗಿಯಾಗಿ ಹಿಡಿದರೆ ಕೆಟ್ಟೆವು. ಸಡಿಲವಾಗಿ ಹಿಡಿದು, ದೊಡ್ಡ ಗೇರಿನಲ್ಲಿ, ವೇಗ ಇಳಿಯದಂತೆ ತುಳಿಯಬೇಕು. ಹೆದರಿದವರನ್ನು ಕಲ್ಲು ಬೀಳಿಸುತ್ತದೆ.

ಪುರುಷರು ಪ್ಯಾರಿಸ್-ರೂಬೆ ರೇಸನ್ನು 1896ರಿಂದ ಓಡಿಸುತ್ತಿದ್ದಾರೆ. ಮಹಿಳೆಯರಿಗೆ ಹಾದಿ ತೆರೆದದ್ದು 2021ರ ಅಕ್ಟೋಬರ್ 2ರಂದು. ಅವತ್ತು ಲಿಜ್ಜಿ ಡೀಗ್ನನ್ ಕೊನೆಯ 80 ಕಿಲೋಮೀಟರ್‌ಗಳನ್ನು ಒಬ್ಬಳೇ ಓಡಿಸಿ ಗೆದ್ದಳು. ಕೈಗವಸು ಹಾಕಿರಲಿಲ್ಲ, ಹ್ಯಾಂಡಲಿನ ಬಿಳಿ ಪಟ್ಟಿಯ ಮೇಲೆ ರಕ್ತ ಅಂಟಿತ್ತು. ಅವಳಿಗೆ ಸಿಕ್ಕ ಬಹುಮಾನ 1,535 ಯೂರೋ, ಮರುದಿನ ಗೆದ್ದ ಪುರುಷನಿಗೆ 30,000. ಆ ರೇಸನ್ನು ನಾನು ಟಿವಿಯ ಎದುರು ನಿಂತುಕೊಂಡೇ ನೋಡಿದ್ದೆ. ಕುಳಿತುಕೊಳ್ಳಲು ಆಗಿರಲಿಲ್ಲ.

ಶನಿವಾರ, ಏಪ್ರಿಲ್ 6. ದೆನೆಂ ಪಟ್ಟಣದಿಂದ ಹೊರಟೆವು. 148.5 ಕಿಲೋಮೀಟರ್‌ನಲ್ಲಿ ಕಲ್ಲಿನ ಭಾಗಗಳು ಹದಿನೇಳು. ಮೊದಲು ಪಟ್ಟಣದ ಸುತ್ತಮುತ್ತ ಕೆಲವು ಸುತ್ತುಗಳಿರುತ್ತವೆ. ಎಲ್ಲರಿಗೂ ಮೂತ್ರಕ್ಕೆ ಹೋಗಬೇಕಾದದ್ದು ಆಗಲೇ. ಪುರುಷರಿಗೆ ಇದು ಸಮಸ್ಯೆಯೇ ಅಲ್ಲ. ನಾವು ರಸ್ತೆಯ ಬದಿಯಲ್ಲಿ ಐದಾರು ಮಂದಿ ಒಟ್ಟಾಗಿ ಇಳಿದು, ಒಬ್ಬರಿಗೊಬ್ಬರು ಮರೆಯಾಗಿ ಕುಳಿತು, ಮತ್ತೆ ಓಡಿಸಿ ಗುಂಪನ್ನು ಸೇರಬೇಕು. ಅಲ್ಲಿ ತಂಡಗಳ ಭೇದವಿಲ್ಲ. ಯಾರದೋ ಸೈಕಲ್ಲನ್ನು ಯಾರೋ ಹಿಡಿದಿರುತ್ತಾರೆ.

ಮೊದಲ ಕಲ್ಲುಹಾದಿ ಓರ್ನೆಂನಿಂದ ವಾಂದಿಞಿವರೆಗೆ, 3.7 ಕಿಲೋಮೀಟರ್, ಎಲ್ಲಕ್ಕಿಂತ ಉದ್ದದ್ದು. ಕಲ್ಲಿಗೆ ಚಕ್ರ ತಾಗಿದೊಡನೆ ಸದ್ದು ಬದಲಾಗುತ್ತದೆ. ಚೈನು ಫ್ರೇಮಿಗೆ ಬಡಿಯುತ್ತದೆ, ಯಾರದೋ ಬಾಟಲಿ ಹಾರಿ ಚಕ್ರದಡಿ ಉರುಳುತ್ತದೆ, ಕಿವಿಯಲ್ಲಿ ರೇಡಿಯೋ ಏನು ಹೇಳುತ್ತಿದೆ ಎಂದು ತಿಳಿಯುವುದಿಲ್ಲ. ಎರಡನೇ ಗಂಟೆಯ ಹೊತ್ತಿಗೆ ನಾಯಕಿಯ ಮುಂದಿನ ಟಯರ್ ಸದ್ದಿಲ್ಲದೆ ಚಪ್ಪಟೆಯಾಯಿತು. ತಂಡದ ಕಾರು ಎಲ್ಲೋ ಹಿಂದೆ ಇತ್ತು. ನಿಂತು, ನನ್ನ ಚಕ್ರ ಬಿಚ್ಚಿ ಅವಳಿಗೆ ಕೊಟ್ಟೆ. ಅವಳು ಹೋದಳು. ಅವಳ ಚಪ್ಪಟೆ ಚಕ್ರವನ್ನು ಕೈಯಲ್ಲಿ ಹಿಡಿದು ಗೋಧಿ ಹೊಲದ ಅಂಚಿನಲ್ಲಿ ನಿಂತೆ. ಗುಂಪಿನ ಹಿಂದಿನ ವಾಹನಗಳು ಒಂದೊಂದಾಗಿ ಹಾದುಹೋದವು. ನಮ್ಮ ಕಾರು ಬಂದಾಗ ಮೆಕ್ಯಾನಿಕ್ ಏನೂ ಕೇಳಲಿಲ್ಲ, ಚಕ್ರ ಹಾಕಿ ಬೆನ್ನಿಗೆ ಕೈಕೊಟ್ಟು ತಳ್ಳಿದ.

ಅಲ್ಲಿಂದ ಮುಂದೆ ರೇಸಿನಲ್ಲಿ ನನಗೆ ಪಾತ್ರವಿರಲಿಲ್ಲ. ಇಳಿದು ಕಾರು ಹತ್ತಬಹುದಿತ್ತು, ಹತ್ತಿದವರು ಅನೇಕರು. ನನಗೆ ಆ ಯೋಚನೆಯೇ ಬರಲಿಲ್ಲ. ಮೋನ್ಸ್-ಆಂ-ಪೆವೆಲ್‌ನ ಮೂರು ಕಿಲೋಮೀಟರ್ ಕಲ್ಲುಹಾದಿಯಲ್ಲಿ ನನ್ನಂತೆಯೇ ಹಿಂದೆ ಉಳಿದ ಮೂವರು ಸಿಕ್ಕರು. ಯಾರ ಹೆಸರೂ ಕೇಳಲಿಲ್ಲ, ಸರದಿಯಲ್ಲಿ ಗಾಳಿ ತಡೆದೆವು. ಕಾರ್ಫೂರ್ ದ ಲಾರ್ಬ್ರ್ ಎಂಬ ಕಲ್ಲುಹಾದಿಯಲ್ಲಿ ಅಂಗೈಯ ಗುಳ್ಳೆ ಒಡೆದದ್ದು ಗೊತ್ತಾಯಿತು. ಕೈಗವಸಿನೊಳಗೆ ಬೆಚ್ಚಗೆ ಏನೋ ಹರಿಯಿತು.

ರೇಸ್ ಮುಗಿಯುವ ರೂಬೆಯ ವೆಲೊಡ್ರೋಮ್ ಹಳೆಯ ಸಿಮೆಂಟಿನ ಬಯಲು ಸೈಕಲ್ ಟ್ರ್ಯಾಕ್. ಬಲಕ್ಕೆ ತಿರುಗಿ ಒಳಗೆ ಬಂದರೆ ಕಲ್ಲಿನ ಸದ್ದು ಪೂರ್ತಿ ನಿಂತುಬಿಡುತ್ತದೆ. ಆ ನುಣುಪಿಗೆ ನನ್ನ ಕೈಗಳು ಹೊಂದಿಕೊಳ್ಳಲಿಲ್ಲ, ಇನ್ನೂ ನಡುಗುತ್ತಲೇ ಇದ್ದವು. ಲೊಟ್ಟೆ ಕೊಪೆಕಿ ವಿಶ್ವ ಚಾಂಪಿಯನ್ನರ ಕಾಮನಬಿಲ್ಲಿನ ಜೆರ್ಸಿಯಲ್ಲಿ ಇದೇ ಟ್ರ್ಯಾಕಿನ ಮೇಲೆ ಗೆದ್ದು ಬಹಳ ಹೊತ್ತಾಗಿತ್ತು. ಜನ ಹೊರಡುತ್ತಿದ್ದರು. ಉಳಿದವರು ತಡೆಬೇಲಿಯ ತಗಡನ್ನು ಬಡಿದು ಸದ್ದು ಮಾಡಿದರು. ನಾವು ನಾಲ್ವರೂ ಒಂದೂವರೆ ಸುತ್ತು ಹಾಕಿದೆವು. ಕೊನೆಯಲ್ಲಿ ಯಾರೂ ಯಾರನ್ನೂ ಹಿಂದಿಕ್ಕಲು ಹೋಗಲಿಲ್ಲ.

ನಾಯಕಿ ಹುಲ್ಲಿನ ಮೇಲೆ ಕುಳಿತಿದ್ದಳು. ಅವಳು ಎಷ್ಟನೆಯವಳಾಗಿ ಮುಟ್ಟಿದಳೆಂದು ನಾನು ಕೇಳುವ ಮೊದಲೇ ಎದ್ದು ಬಂದು, "ನಿನ್ನ ಚಕ್ರ ಚೆನ್ನಾಗಿತ್ತು" ಎಂದಳು.

ಪಕ್ಕದ ಕಟ್ಟಡದಲ್ಲಿ ಹಳೆಯ ಸ್ನಾನದ ಮನೆಯಿದೆ. ಎದೆಮಟ್ಟದ ಸಿಮೆಂಟಿನ ಗೋಡೆಗಳ ಗೂಡುಗಳು, ಒಂದೊಂದಕ್ಕೂ ಹಿಂದೆ ಗೆದ್ದವರ ಹೆಸರಿನ ಹಿತ್ತಾಳೆಯ ಫಲಕ. ಬಸ್ಸಿರುವ ತಂಡದವರು ಈಗ ಇಲ್ಲಿಗೆ ಬರುವುದು ಕಡಿಮೆ. ನಾನು ಬಂದೆ. ಬೆರಳುಗಳು ಮಡಚಿದಲ್ಲೇ ಬಿಗಿದುಕೊಂಡಿದ್ದವು, ಜೆರ್ಸಿಯ ಜಿಪ್ ಹಿಡಿಯಲಾಗಲಿಲ್ಲ. ಜೊತೆಗಾತಿ ಅದನ್ನು ಕೆಳಗೆಳೆದು, ಕೈಗವಸನ್ನು ತುದಿಯಿಂದ ಮೆಲ್ಲಗೆ ಸುಲಿದು, ನಲ್ಲಿ ತಿರುಗಿಸಿಕೊಟ್ಟಳು. ನೀರು ಬಿಸಿಯಾಗಿತ್ತು. ಒಡೆದ ಗುಳ್ಳೆಯ ಮೇಲೆ ಬಿದ್ದಾಗ ಕಿರುಚಿದೆ, ಆದರೂ ಕೈ ಹಿಂದಕ್ಕೆ ತೆಗೆಯಲಿಲ್ಲ. ಕಾಲ ಬಳಿಯ ಮಣ್ಣು ನೀರಿನೊಂದಿಗೆ ಸುತ್ತುತ್ತಾ ತೂಬಿಗೆ ಇಳಿಯುತ್ತಿತ್ತು. ಹೊರಗೆ ಮೆಕ್ಯಾನಿಕ್ ವ್ಯಾನಿನ ಹಾರನ್ ಒತ್ತಿದ. ಬುಧವಾರ ಮತ್ತೆ ಬೆಲ್ಜಿಯಂನಲ್ಲಿ ರೇಸ್ ಇತ್ತು.