ರಾಯಚೂರಿನಿಂದ ಒಂದು ದಿನ: ಬದನೆಕಾಯಿ ಕಾರು, ನಿಜಾಮರ ಹಳದಿ ರೋಲ್ಸ್ ರಾಯ್ಸ್

ರಾಯಚೂರಿನವರಿಗೆ ಹೈದರಾಬಾದ್ ಅಂದರೆ ದೊಡ್ಡ ಆಸ್ಪತ್ರೆ, ಮದುವೆ ಜವಳಿ, ಇಲ್ಲವೇ ವಿಮಾನ ನಿಲ್ದಾಣ. ಸುಮ್ಮನೆ ನೋಡಿ ಬರಲಿಕ್ಕೆ ಅಂತ ಹೋಗುವವರು ಕಡಿಮೆ. ಹೋದರೂ ಚಾರ್ಮಿನಾರಿನ ಮುಂದೆ ಫೋಟೊ ತೆಗೆಸಿಕೊಂಡು, ಬಳೆ ಕೊಂಡು ವಾಪಸ್. ಅಲ್ಲಿಂದ ಆಟೊದಲ್ಲಿ ಹತ್ತು ಹದಿನೈದು ನಿಮಿಷದ ದಾರಿಯಲ್ಲಿರುವ ಬಹಾದುರ್‌ಪುರದ ಸುಧಾ ಕಾರ್ಸ್ ಎಂಬ ಚಿತ್ರವಿಚಿತ್ರ ಆಕಾರದ ಗಾಡಿಗಳ ಮ್ಯೂಸಿಯಂ ಹೆಸರು ನಮ್ಮ ಓಣಿಯಲ್ಲಿ ಅನೇಕರು ಕೇಳಿಯೇ ಇರಲಿಲ್ಲ. ಗಾಡಿ ಹುಚ್ಚಿನ ಮಕ್ಕಳಿದ್ದರೆ ಒಂದು ದಿನ ಇಟ್ಟುಕೊಂಡು ಹೋಗಿ. ಆದರೆ ಅದೊಂದನ್ನೇ ನೋಡಿ ಬರಬೇಡಿ, ನಿಜಾಮರ ಚೌಮಹಲ್ಲಾ ಅರಮನೆಯನ್ನೂ ಸೇರಿಸಿಕೊಳ್ಳಿ. ಯಾಕೆಂದು ಮುಂದೆ ಹೇಳುತ್ತೇನೆ.

ಮೊದಲು ದಿನದ ಲೆಕ್ಕ. ಶುಕ್ರವಾರ ಬೇಡ. ಅವತ್ತು ಚೌಮಹಲ್ಲಾ ಅರಮನೆಗೂ ರಜೆ, ಸಾಲಾರ್ ಜಂಗ್ ಮ್ಯೂಸಿಯಂಗೂ ರಜೆ. ಮಕ್ಕಾ ಮಸೀದಿಯ ಸುತ್ತ ನಮಾಜಿನ ಜನ ಸೇರುವುದರಿಂದ ಆಟೊ ಕೂಡ ಮುಂದೆ ಸರಿಯುವುದಿಲ್ಲ. ಭಾನುವಾರ ತೆರೆದಿರುತ್ತದೆ, ಆದರೆ ಊರಿಗೆ ಊರೇ ಅಲ್ಲಿರುತ್ತದೆ. ಮಂಗಳವಾರದಿಂದ ಗುರುವಾರದೊಳಗೆ ಹೋದರೆ ಆರಾಮ. ಟಿಕೆಟ್ ದರ, ತೆರೆಯುವ ವೇಳೆ ಬದಲಾಗುತ್ತಿರುತ್ತವೆ, ಹಿಂದಿನ ದಿನ ಫೋನಿನಲ್ಲಿ ನೋಡಿಕೊಳ್ಳಿ.

ದಾರಿ ಸುಮಾರು 190 ಕಿ.ಮೀ., ನಾಲ್ಕು ತಾಸು ಹಿಡಿಯಿರಿ. ಶಕ್ತಿನಗರ ದಾಟಿ, ಕೃಷ್ಣಾ ಹೊಳೆ ದಾಟಿ, ಮಕ್ತಲ್, ಮಹಬೂಬ್‌ನಗರ, ಜಡಚರ್ಲಾ. ಅಲ್ಲಿಂದ ಮುಂದೆ 44ನೇ ರಾಷ್ಟ್ರೀಯ ಹೆದ್ದಾರಿ. ಈ ದಾರಿಯ ಲಾಭವೆಂದರೆ ಬಸ್ಸು ಹೈದರಾಬಾದಿಗೆ ದಕ್ಷಿಣದಿಂದ, ಶಂಷಾಬಾದ್ ಮೇಲಿಂದ ಬರುತ್ತದೆ. ಹಾಗಾಗಿ ಊರೊಳಗಿನ ದೊಡ್ಡ ಬಸ್ ನಿಲ್ದಾಣ ಎಂಜಿಬಿಎಸ್‌ವರೆಗೆ ಹೋಗಿ ತಿರುಗಿ ಬರುವ ಕೆಲಸವಿಲ್ಲ. ಆರಾಮ್‌ಘರ್‌ನಲ್ಲಿ ಇಳಿದು, ಝೂ ಪಾರ್ಕ್ ಕಡೆಯ ಆಟೊ ಹಿಡಿದರೆ ಮ್ಯೂಸಿಯಂ ಅದೇ ದಿಕ್ಕಿನಲ್ಲಿದೆ. ಸ್ವಂತ ಕಾರಿನವರಿಗೆ ಆರಾಮ್‌ಘರ್‌ನಿಂದ ಝೂ ಪಾರ್ಕ್‌ವರೆಗೆ ನಾಲ್ಕು ಕಿ.ಮೀ. ಉದ್ದದ ಹೊಸ ಫ್ಲೈಓವರ್ ಇದೆ. ಕೃಷ್ಣಾ ಸ್ಟೇಶನ್ ಮೇಲಿಂದ ಮಹಬೂಬ್‌ನಗರಕ್ಕೆ ಹೋಗುವ ರೈಲು ದಾರಿಯೂ 2023ರಲ್ಲಿ ಶುರುವಾಗಿ ಹೈದರಾಬಾದಿನ ಕಾಚಿಗುಡ ಸ್ಟೇಶನ್ನಿಗೆ ರೈಲು ಬಂದಿದೆ, ಆದರೆ ಒಂದೇ ದಿನದಲ್ಲಿ ಹೋಗಿ ಬರಲು ವೇಳೆ ಹೊಂದುತ್ತದೆಯೇ ನೋಡಿಕೊಳ್ಳಿ. ನಾನಂತೂ ಬೆಳಗಿನ ಮೊದಲ ಬಸ್ಸಿಗೇ ಓಟು ಹಾಕುತ್ತೇನೆ. ಹೆಣ್ಣುಮಕ್ಕಳು ಗಮನಿಸಿ, ಶಕ್ತಿ ಯೋಜನೆಯ ಉಚಿತ ಟಿಕೆಟ್ ಹೊರರಾಜ್ಯದ ಈ ಪ್ರಯಾಣಕ್ಕೆ ನಡೆಯುವುದಿಲ್ಲ. ತೆಲಂಗಾಣದ ಉಚಿತ ಬಸ್ಸು ಅಲ್ಲಿಯವರಿಗೆ ಮಾತ್ರ.

ನಮ್ಮ ಜೊತೆ ಅಕ್ಕನ ಮಗನೂ, ಓಣಿಯ ಗ್ಯಾರೇಜಿನ ಮಿಸ್ತ್ರಿ ಕಾಕಾನೂ ಬಂದಿದ್ದರು. ಮಿಸ್ತ್ರಿಯನ್ನು ಕರೆದೊಯ್ದದ್ದು ಆ ದಿನದ ಭಾಗ್ಯ. ಯಾಕೆಂದರೆ ಸುಧಾ ಕಾರ್ಸ್‌ನಲ್ಲಿ ಕಣ್ಣು ಮೊದಲು ಹೋಗುವುದು ಆಕಾರದ ಮೇಲೆ. ಬೂಟಿನ ಕಾರು, ಕೈಚೀಲದ ಕಾರು, ಬರ್ಗರ್, ಕಂಪ್ಯೂಟರ್, ಹೆಲ್ಮೆಟ್, ಕ್ರಿಕೆಟ್ ಬ್ಯಾಟು, ಸ್ನೂಕರ್ ಟೇಬಲ್, ಮಲಗುವ ಮಂಚ, ಕೊನೆಗೆ ಬದನೆಕಾಯಿ. ಹುಡುಗ ಬದನೆಕಾಯಿ ಮುಂದೆ ನಿಂತು, "ಮಾಮಾ, ಇದಕ್ಕ ಎಣ್ಣಿ ಹಾಕ್ತಾರೋ ಪೆಟ್ರೋಲ್ ಹಾಕ್ತಾರೋ?" ಅಂದ. ಕಾಕಾ ನಗಲಿಲ್ಲ. "ಬಾಡಿ ನೋಡಬ್ಯಾಡ, ಬಗ್ಗಿ ಕೆಳಗ ನೋಡು" ಅಂದರು.

ಇದನ್ನೆಲ್ಲ ಮಾಡಿದವರು ಕೆ. ಸುಧಾಕರ್. ಶಾಲೆಯಲ್ಲಿದ್ದಾಗಲೇ ಗುಜರಿ ಸಾಮಾನಿನಿಂದ ಗಾಡಿ ಕಟ್ಟಲು ಶುರು ಮಾಡಿದವರು. 2010ರಲ್ಲಿ ಮ್ಯೂಸಿಯಂ ತೆರೆದರು. ಇಲ್ಲಿನ ಗಾಡಿಗಳು ತೋರಿಕೆಗೆ ನಿಲ್ಲಿಸಿದ ಗೊಂಬೆಗಳಲ್ಲ, ಎಂಜಿನ್ ಇದ್ದು ಓಡುವಂಥವು. ಒಂದೊಂದರ ಮುಂದೆಯೂ ಫಲಕವಿದೆ, ಅದನ್ನು ಓದದೆ ಮುಂದೆ ಹೋಗಬೇಡಿ. ಕಟ್ಟಲು ಎಷ್ಟು ಕಾಲ ಹಿಡಿಯಿತು, ಎಷ್ಟು ವೇಗ ಓಡುತ್ತದೆ ಎಂಬುದೇ ನಿಜವಾದ ಕತೆ. ಕಾಕಾ ಪ್ರತಿ ಗಾಡಿಯ ಮುಂದೆಯೂ ಕೇಳುತ್ತಿದ್ದ ಪ್ರಶ್ನೆಗಳನ್ನು ನೀವೂ ಕೇಳಿಕೊಳ್ಳಿ: ಎಂಜಿನ್ ಎಲ್ಲಿ ಅಡಗಿಸಿದ್ದಾರೆ? ಗಾಳಿಯಿಂದ ತಣಿಯುವ ಎಂಜಿನ್ ಆದರೆ ಮುಚ್ಚಿದ ಬಾಡಿಯೊಳಗೆ ಗಾಳಿ ಎಲ್ಲಿಂದ ಬರಬೇಕು? ಓಡಿಸುವವನ ಕಣ್ಣಿಗೆ ರಸ್ತೆ ಕಾಣುವುದು ಹೇಗೆ? ಎತ್ತರದ ಬಾಡಿ, ಹತ್ತಿರ ಹತ್ತಿರ ಚಕ್ರ ಇದ್ದರೆ ತಿರುವಿನಲ್ಲಿ ಗಾಡಿ ಒಂದು ಬದಿಗೆ ವಾಲುತ್ತದೆ. ಅದಕ್ಕೇ ವೇಗ ಕಡಿಮೆ ಇಡಬೇಕು, ಭಾರವನ್ನು ಆದಷ್ಟು ಕೆಳಗೆ ಕೂರಿಸಬೇಕು. ಎಂಜಿನಿಯರಿಂಗ್ ಓದುವ ಹುಡುಗರಿಗೆ ಪುಸ್ತಕದಲ್ಲಿ ಸಿಗದ ಪಾಠ ಇದು. ಹತ್ತನೇ ತರಗತಿಯ ನಮ್ಮ ಹುಡುಗ ಅರ್ಧ ತಾಸು ನೆಲದ ಮೇಲೆ ಮೊಣಕಾಲೂರಿಕೊಂಡೇ ಇದ್ದ.

ಇವರ ದೊಡ್ಡ ಹೆಸರು ಮಾತ್ರ ಎಂಜಿನ್ ಇಲ್ಲದ ಗಾಡಿಯಿಂದ ಬಂದದ್ದು. 2005ರ ಜುಲೈ 1ರಂದು ಹೈದರಾಬಾದಿನಲ್ಲಿ ತುಳಿದು ಓಡಿಸಿದ ಮೂರು ಚಕ್ರದ ಸೈಕಲ್ ಗಿನ್ನೆಸ್ ದಾಖಲೆಗೆ ಸೇರಿತು. ಎತ್ತರ 41 ಅಡಿ 7 ಇಂಚು, ಒಂದು ಚಕ್ರದ ಅಡ್ಡಳತೆಯೇ 17 ಅಡಿ. ಅದಕ್ಕೆ ತದ್ವಿರುದ್ಧವಾಗಿ ಅಂಗೈಯಗಲದ ಸೀಟಿನ ಪುಟ್ಟ ಮೋಟಾರ್ ಸೈಕಲ್ಲುಗಳೂ ಇವೆ. ಏಡ್ಸ್ ಜಾಗೃತಿಗೆ ಮಾಡಿದ ಕಾಂಡೋಮ್ ಆಕಾರದ ಬೈಕು, ಧೂಮಪಾನದ ವಿರುದ್ಧ ಮಾಡಿದ ಸಿಗರೇಟ್ ಬೈಕು ಕೂಡ ಸಾಲಿನಲ್ಲಿವೆ. ಸಣ್ಣ ಮಕ್ಕಳು ಜೋರು ದನಿಯಲ್ಲಿ ಪ್ರಶ್ನೆ ಕೇಳುತ್ತಾರೆ, ಉತ್ತರ ಸಿದ್ಧ ಮಾಡಿಕೊಂಡು ಹೋಗಿ. ಹತ್ತಿ ಕೂರಲು ಬಿಡುವುದಿಲ್ಲ ಅನ್ನುವುದನ್ನೂ ಮನೆಯಲ್ಲೇ ಹೇಳಿಬಿಡಿ.

ಇಷ್ಟೆಲ್ಲ ಇದ್ದರೂ ಮ್ಯೂಸಿಯಂ ದೊಡ್ಡದಲ್ಲ. ನಿಧಾನವಾಗಿ ನೋಡಿದರೂ ಒಂದೂವರೆ ತಾಸು. ಕೆಲವರು ಹೊರಗೆ ಬಂದು "ಇಷ್ಟೇನಾ?" ಅನ್ನುತ್ತಾರೆ. ಹತ್ತಿರದಲ್ಲೇ ಝೂ ಇದೆಯಲ್ಲ ಅಂತ ಒಳಗೆ ಹೋಗಬೇಡಿ. ಅದು 380 ಎಕರೆ, ದಿನ ಅಲ್ಲೇ ಮುಗಿಯುತ್ತದೆ. ಆಟೊ ಹತ್ತಿ ನೇರ ಚೌಮಹಲ್ಲಾಕ್ಕೆ ಬನ್ನಿ.

ಅಲ್ಲಿ ದರ್ಬಾರ್ ಹಾಲಿನ ಝೂಮರ್ ಎಂಬ ಗೊಂಚಲು ದೀಪಗಳನ್ನು ಎಲ್ಲರೂ ನೋಡುತ್ತಾರೆ. ನಾವು ಹೋದದ್ದು ಹಳೆಯ ಕಾರುಗಳಿಗಾಗಿ, ಅದರಲ್ಲೂ 1912ರ ಹಳದಿ ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್‌ಗಾಗಿ. ಆರನೇ ನಿಜಾಮ ಮಹಬೂಬ್ ಅಲಿ ಖಾನ್ ಆರ್ಡರ್ ಕೊಟ್ಟ ಕಾರು, ಆದರೆ ಅವರು 1911ರಲ್ಲೇ ತೀರಿಕೊಂಡಿದ್ದರಿಂದ ಅದು ಬಂದದ್ದು ಏಳನೆಯವರ ಕಾಲಕ್ಕೆ. ಹಿಂದಿನ ಸೀಟು ಸಿಂಹಾಸನದಂತೆ ಎತ್ತರದಲ್ಲಿದೆ. ಮೆರವಣಿಗೆಗೆ ಮಾತ್ರ ಹೊರಗೆ ಬರುತ್ತಿದ್ದ ಈ ಕಾರು ಓಡಿದ್ದು ಬರೀ 356 ಮೈಲಿ ಎಂದು ಹೇಳುತ್ತಾರೆ. ನಾವು ರಾಯಚೂರಿನಿಂದ ಹೈದರಾಬಾದಿಗೆ ಒಂದೂವರೆ ಸಲ ಹೋಗಿ ಬಂದರೆ ಅಷ್ಟಾಗುತ್ತದೆ! 1948ರ ಸೆಪ್ಟೆಂಬರ್‌ವರೆಗೆ ರಾಯಚೂರು ನಿಜಾಮರ ಆಳ್ವಿಕೆಯಲ್ಲೇ ಇತ್ತಲ್ಲ, ಆ ಕಾರಿನಲ್ಲಿ ಕೃಷ್ಣಾ, ತುಂಗಭದ್ರಾ ನಡುವಿನ ನಮ್ಮ ದೋಆಬದ ಹೊಲಗಳ ಕಂದಾಯವೂ ಎಷ್ಟೋ ಸೇರಿರಲೇಬೇಕು. ಕಾಕಾ ಮಾತ್ರ ಬಣ್ಣ, ಹಿತ್ತಾಳೆ, ಲಾಂದ್ರಗಳನ್ನು ನೋಡಿ, "ಗಾಡಿ ಓಡಿದ್ರ ಗಾಡಿ. ಇದು ಪಲ್ಲಕ್ಕಿ" ಅಂದುಬಿಟ್ಟರು. ನನಗೂ ಬದನೆಕಾಯಿಯೇ ಹೆಚ್ಚು ಇಷ್ಟವಾಯಿತು. ಆದರೆ ಎರಡನ್ನೂ ಒಂದೇ ದಿನ ನೋಡಿದ್ದಕ್ಕೇ ಈ ಚರ್ಚೆ ಬಸ್ಸಿನಲ್ಲಿ ಜಡಚರ್ಲಾದವರೆಗೂ ನಡೆಯಿತು.

ಊಟಕ್ಕೆ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗಿದ್ದೆವು. ಬಿರಿಯಾನಿ ಬೇಕಾದವರಿಗೆ ಅಲ್ಲಿ ಹೇಳಿಕೊಡಬೇಕಾದ್ದೇನಿಲ್ಲ. ಸಂಜೆ ಚಾರ್ಮಿನಾರಿನ ಪಕ್ಕ ಇರಾನಿ ಚಾ, ಉಸ್ಮಾನಿಯಾ ಬಿಸ್ಕತ್ತು ತಪ್ಪಿಸಬೇಡಿ. ಭಾಷೆಯ ಚಿಂತೆ ಬೇಡ, ನಮ್ಮ ಕಡೆಯ ಉರ್ದು, ತೆಲುಗು ಎರಡೂ ಸಲೀಸಾಗಿ ನಡೆಯುತ್ತವೆ. ಏಪ್ರಿಲ್, ಮೇ ಬಿಟ್ಟುಬಿಡಿ, ರಾಯಚೂರಿನ ಬಿಸಿಲು ಸಾಲದೇ?

ವಾಪಸ್ ಬರುವಾಗ ಆರಾಮ್‌ಘರ್‌ನಲ್ಲಿ ಬಸ್ಸು ಕಾಯಬೇಡಿ, ಅಲ್ಲಿಗೆ ಬರುವಷ್ಟರಲ್ಲಿ ಸೀಟು ತುಂಬಿರುತ್ತದೆ. ಚಾರ್ಮಿನಾರಿನಿಂದ ಎಂಜಿಬಿಎಸ್ ಹತ್ತಿರವೇ ಇದೆ, ಅಲ್ಲೇ ಹೋಗಿ ಹತ್ತಿ. ಆರು ಗಂಟೆಯೊಳಗೆ ಹೊರಟರೆ ರಾತ್ರಿ ಹತ್ತರ ಹೊತ್ತಿಗೆ ಊರು ಸೇರಬಹುದು.