ಕದ್ದು ಬಂದವರಿಗೆ ಕೋರ್ಟ್ ಯಾಕೆ?

2025ರ ಫೆಬ್ರವರಿ 5ರಂದು ಅಮೆರಿಕದ ಮಿಲಿಟರಿ ವಿಮಾನ 104 ಭಾರತೀಯರನ್ನು ಅಮೃತಸರಕ್ಕೆ ತಂದು ಇಳಿಸಿತಲ್ಲ, ಅವತ್ತಿನಿಂದ ದಾವಣಗೆರೆ ಕೋರ್ಟಿನ ಹೊರಗೆ ಟೀ ಕುಡಿಯುವಾಗ, ಮದುವೆ ಊಟದಲ್ಲಿ, ಕಟಿಂಗ್ ಶಾಪಿನಲ್ಲೂ ಜನ ನನ್ನನ್ನು ಇದನ್ನೇ ಕೇಳುತ್ತಾರೆ. "ವಕೀಲ್ರೇ, ಕದ್ದು ಬಂದವರನ್ನ ಸೀದಾ ವಾಪಸ್ ಕಳಿಸೋದು ಬಿಟ್ಟು ನಡುವೆ ಕೋರ್ಟ್ ಯಾಕೆ?"

ಯಾಕೆಂದರೆ ಬಂದವರೆಲ್ಲ ಒಂದೇ ಅಲ್ಲ. ಕೆಲಸಕ್ಕೆ ಬಂದವನು ಬೇರೆ, ಊರಿಗೆ ಹೋದರೆ ನನ್ನ ಧರ್ಮಕ್ಕೋ ರಾಜಕೀಯಕ್ಕೋ ಕೊಲ್ತಾರೆ, ಆಶ್ರಯ ಕೊಡಿ ಅನ್ನುವವನು ಬೇರೆ. ಹತ್ತರಲ್ಲಿ ಒಂದು ಪಾಲು ಅಪಾಯ ಇದ್ದರೂ ಆ ಭಯಕ್ಕೆ ಆಧಾರ ಇರಬಹುದು ಅಂತ ಅಲ್ಲಿನ ಸುಪ್ರೀಂ ಕೋರ್ಟ್ 1987ರಲ್ಲೇ ಹೇಳಿದೆ. ಆದರೆ ಅದನ್ನು ತೀರ್ಮಾನಿಸುವ ಇಮಿಗ್ರೇಷನ್ ಜಡ್ಜ್, ಅಂದರೆ ವಲಸೆ ಕೇಸು ಕೇಳುವವರು, ಸರ್ಕಾರದ ನ್ಯಾಯ ಇಲಾಖೆಯ ನೌಕರ. ಅದರ ಮೇಲಿನ ಅಪೀಲು ಮಂಡಳಿಯೂ ಅದೇ ಇಲಾಖೆಯದು. ಕಳಿಸಬೇಕು ಅನ್ನುವುದೂ ಸರ್ಕಾರ, ಕೇಸು ಕೇಳುವುದೂ ಸರ್ಕಾರ. ಸ್ವತಂತ್ರ ಕೋರ್ಟ್ ಸಿಗುವುದು ಆಮೇಲೆ, ಅದೂ 30 ದಿನದೊಳಗೆ ಅರ್ಜಿ ಹಾಕಿದರೆ. ವಕೀಲರ ಫೀಸನ್ನೂ ಆಶ್ರಯ ಕೇಳಿದವನೇ ಕೊಡಬೇಕು.

ಒಂದು ಜಮೀನು ಕೇಸಿನಲ್ಲಿ ತಾಂಡಾದ ಅಜ್ಜಿಯನ್ನು ಸಾಕ್ಷಿ ಕಟ್ಟೆ ಹತ್ತಿಸಿದ್ದೆ. ಮನೆ ಮಾತು ಲಂಬಾಣಿ. ಗಲಾಟೆ ಯಾವಾಗ ಆಯ್ತು ಅಂದರೆ ಒಮ್ಮೆ "ಹೋಳಿ ಆದ್ಮೇಲೆ" ಅಂದರು, ಇನ್ನೊಮ್ಮೆ "ಯುಗಾದಿ ಮುಂಚೆ" ಅಂದರು. ಎರಡೂ ಅದೇ ಹದಿನೈದು ದಿನ ಅಲ್ವಾ? ಎದುರಿನ ವಕೀಲರು ಮಾತ್ರ "ಸಾಕ್ಷಿ ಮಾತು ಬದಲಿಸ್ತಿದ್ದಾರೆ" ಅಂದುಬಿಟ್ಟರು. ಅಜ್ಜಿ ತೋಳಿನ ಬಿಳಿ ಬಳೆ ತಿರುಗಿಸುತ್ತಾ ನನ್ನ ಮುಖ ನೋಡಿದರು. ಅಮೆರಿಕದಲ್ಲಿ 2005ರ ಕಾನೂನಿನ ಪ್ರಕಾರ ಇಂಥ ವ್ಯತ್ಯಾಸ ಮುಖ್ಯ ವಿಷಯಕ್ಕೆ ತಟ್ಟದಿದ್ದರೂ ಅದನ್ನೇ ಹಿಡಿದು "ಇವನ ಮಾತು ನಂಬುವಂತಿಲ್ಲ" ಅಂತ ಜಡ್ಜ್ ಬರೆಯಬಹುದು. ಭಾಷೆ ಗೊತ್ತಿಲ್ಲದ, ಹೆದರಿದ ಮನುಷ್ಯನಿಗೆ ಇದು ದೊಡ್ಡ ಅನ್ಯಾಯ.

ಆಮೇಲೆ ಸಿಗುವ ಅಲ್ಲಿನ ಸ್ವತಂತ್ರ ಕೋರ್ಟ್ ಸಾಕ್ಷಿಯನ್ನು ಮತ್ತೆ ಕೇಳುವುದಿಲ್ಲ. ದಾಖಲೆ ಓದುತ್ತದೆ. ಆ ದಾಖಲೆ ನೋಡಿದ ಯಾರೇ ಆದರೂ ಬೇರೆ ತೀರ್ಮಾನಕ್ಕೇ ಬರಬೇಕಿತ್ತು ಅನ್ನುವಂತಿದ್ದರೆ, ಇಲ್ಲವೇ ಕಾನೂನನ್ನೇ ತಪ್ಪಾಗಿ ಓದಿದ್ದರೆ ಮಾತ್ರ ಕೈ ಹಾಕುತ್ತದೆ. ಕಾನೂನಿನ ಮುಖ್ಯ ಪ್ರಶ್ನೆ ಇದ್ದರೆ ಮಾತ್ರ ಕೇಳುವ ನಮ್ಮ ಹೈಕೋರ್ಟಿನ ಎರಡನೇ ಅಪೀಲಿನಷ್ಟೇ ಇಕ್ಕಟ್ಟಾದ ಬಾಗಿಲು. ಅಮೆರಿಕದ ಗಡಿಯಿಂದ ಬರೀ 25 ಗಜ ಒಳಗೆ ಸಿಕ್ಕಿಬಿದ್ದ ಶ್ರೀಲಂಕಾದ ತಮಿಳನಿಗೆ 2020ರಲ್ಲಿ ಆ ಬಾಗಿಲೂ ಸಿಗಲಿಲ್ಲ.

ನಮ್ಮ ದೇಶ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ಪ್ರತ್ಯೇಕ ಕಾನೂನೂ ಮಾಡಿಲ್ಲ. ಆದರೂ ಜೀವದ ಹಕ್ಕು ಹೊರಗಿನವರಿಗೂ ಇದೆ ಅಂತ 1996ರಲ್ಲಿ, ಆಗಿನ ಪೂರ್ವ ಪಾಕಿಸ್ತಾನದಿಂದ ಬಂದಿದ್ದ ಚಕ್ಮಾ ಜನರ ಕೇಸಿನಲ್ಲಿ ನಮ್ಮ ಸುಪ್ರೀಂ ಕೋರ್ಟ್ ಹೇಳಿತು. 2021ರಲ್ಲಿ ಅದೇ ಕೋರ್ಟ್ ಮ್ಯಾನ್ಮಾರ್‌ನಿಂದ ಬಂದ ರೋಹಿಂಗ್ಯಾಗಳನ್ನು ವಾಪಸ್ ಕಳಿಸುವುದನ್ನು ತಡೆಯಲಿಲ್ಲ, ಆದರೆ ನಿಯಮದ ಪ್ರಕಾರ ಅಲ್ಲದೆ ಕಳಿಸಬೇಡಿ ಅಂತು. "ನಿನಗೆ ಯಾರ ಭಯ?" ಅಂತ ಅವರವರ ಭಾಷೆಯಲ್ಲೇ ಕೂರಿಸಿ ಕೇಳುವುದೂ ಆ ನಿಯಮದಲ್ಲಿ ಇರಬೇಕು ಅನ್ನೋದು ನನ್ನ ವಾದ.